ಶಾಲೆಯ ಸುದ್ದಿ ಯಾರ ಮನೆ ಮುಟ್ಟಬೇಕು?

ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯಕ್ಕೆ ಸಂಬಂಧಿಸಿದ್ದವು. ಶಾಲೆಗಳು ವಾಟ್ಸ್‌ಆ್ಯಪ್ ಗುಂಪು, ಫೇಸ್‌ಬುಕ್ ಪುಟ, ಇನ್‌ಸ್ಟಾಗ್ರಾಂ ಖಾತೆಗಳ ಮೂಲಕ ಪೋಷಕರೊಡನೆ ಮತ್ತು ಊರಿನೊಡನೆ ಮಾತನಾಡುವ ರೀತಿ ಸರಿಯಾಗಿದೆಯೇ ಎಂಬುದು ಅವುಗಳ ಪ್ರಶ್ನೆ. ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವುಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರನ್ನಾಗಲಿ ಶಾಲೆಗಳ ಹೆಸರನ್ನಾಗಲಿ ಪ್ರಕಟಿಸಿಲ್ಲ.

ಪ್ರಶ್ನೆ: ನಮ್ಮದು ಕುಷ್ಟಗಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಪೋಷಕರ ವಾಟ್ಸ್‌ಆ್ಯಪ್ ಗುಂಪು ಇದೆ, ಇಲಾಖೆಯ ಸುತ್ತೋಲೆಗಳನ್ನೆಲ್ಲ ಅದರಲ್ಲಿ ಹಾಕುತ್ತೇವೆ. ಆದರೂ ಸಭೆಗೆ ಬರುವವರು ಬೆರಳೆಣಿಕೆಯಷ್ಟು ಮಂದಿ. ಸುಗ್ಗಿ ಮುಗಿದ ಮೇಲೆ ಬಹಳಷ್ಟು ಕುಟುಂಬಗಳು ಬೆಂಗಳೂರು, ಮಂಗಳೂರು, ಗೋವಾ ಕಡೆ ಗುಳೆ ಹೋಗುತ್ತವೆ, ಮಕ್ಕಳು ಅಜ್ಜ ಅಜ್ಜಿಯರ ಬಳಿ ಉಳಿಯುತ್ತಾರೆ. ಕಳೆದ ವರ್ಷ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯ ಅರ್ಜಿಗೆ ಬೇಕಾದ ದಾಖಲೆಗಳನ್ನು ಸಕಾಲಕ್ಕೆ ತರಲಾಗದೆ ಎಂಟನೇ ತರಗತಿಯ ಇಬ್ಬರು ಮಕ್ಕಳು ಅವಕಾಶ ಕಳೆದುಕೊಂಡರು. ಸಂದೇಶವೇನೋ ಗುಂಪಿನಲ್ಲಿತ್ತು. ಈಗ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಫೇಸ್‌ಬುಕ್ ಪುಟವನ್ನೂ ತೆರೆಯೋಣ ಎನ್ನುತ್ತಿದ್ದಾರೆ. ತಮ್ಮ ಸಲಹೆ ಏನು? (ಮುಖ್ಯೋಪಾಧ್ಯಾಯರು)

ಉತ್ತರ: ಮಾನ್ಯ ಗುರುಗಳೇ, ತಮ್ಮ ಪತ್ರವನ್ನು ಎರಡು ಸಲ ಓದಿದೆ. "ಸಂದೇಶವೇನೋ ಗುಂಪಿನಲ್ಲಿತ್ತು" ಎಂಬ ಮಾತಿನಲ್ಲಿಯೇ ತಮ್ಮ ನೋವೂ ಇದೆ, ತೊಂದರೆಯ ಮೂಲವೂ ಇದೆ. ಎನ್‌ಎಂಎಂಎಸ್‌ನಲ್ಲಿ ಆಯ್ಕೆಯಾದ ಮಗುವಿಗೆ ಒಂಬತ್ತನೇ ತರಗತಿಯಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿಯಂತೆ ನಾಲ್ಕು ವರ್ಷಕ್ಕೆ 48,000 ರೂಪಾಯಿ ಸಿಗುತ್ತದೆ. ಬೇರೆ ಊರಿನಲ್ಲಿ ಕಟ್ಟಡದ ಕೆಲಸ ಮಾಡಿ ಹೊಟ್ಟೆ ಹೊರೆಯುವ ಮನೆಯಲ್ಲಿ, ಮಗಳನ್ನು ಹತ್ತನೇ ತರಗತಿಯ ಆಚೆಗೆ ಓದಿಸಬೇಕೇ ಬೇಡವೇ ಎಂಬ ತೀರ್ಮಾನವನ್ನೇ ಬದಲಿಸಬಲ್ಲ ಹಣ ಇದು. ಆದ್ದರಿಂದ ಗುಂಪಿಗೆ ಹಾಕಿದ ಕೂಡಲೇ ಶಾಲೆಯ ಕೆಲಸ ಮುಗಿಯಿತು ಎಂದು ನಾವು ತಿಳಿಯಲಾಗದು. ಯಾರಿಗೆ ಅದು ಅತ್ಯಂತ ಅಗತ್ಯವಾಗಿತ್ತೋ ಅವರ ಮನೆ ಮುಟ್ಟಿದಾಗಲೇ ಅದು ಮುಗಿಯುತ್ತದೆ.

ಮೊದಲು, ಗುಂಪಿನಲ್ಲಿರುವ ಪ್ರತಿಯೊಂದು ಸಂಖ್ಯೆಯ ಹಿಂದೆ ಯಾರಿದ್ದಾರೆ ಎಂಬುದನ್ನು ತಿಳಿದುಕೊಳ್ಳಬೇಕು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಹೇಳುವ ವಿದ್ಯಾಗಮ ಕಾರ್ಯಕ್ರಮಕ್ಕಾಗಿ ನಾವೆಲ್ಲ ಮನೆಮನೆಗೆ ಹೋಗಿ, ಯಾವ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಯಾವ ಮನೆಯಲ್ಲಿ ಕೀಪ್ಯಾಡ್ ಫೋನ್ ಇದೆ, ಯಾವ ಮನೆಯಲ್ಲಿ ಏನೂ ಇಲ್ಲ ಎಂದು ಬರೆದುಕೊಂಡಿದ್ದು ತಮಗೂ ನೆನಪಿರಬಹುದು. ಆ ಪಟ್ಟಿಯನ್ನು ನಾವು ಬಹಳ ಬೇಗ ಮರೆತೆವು. ಒಂದು ನೋಟ್‌ಪುಸ್ತಕದಲ್ಲಿ ಅದನ್ನು ಮತ್ತೆ ಬರೆಯಿರಿ: ಫೋನ್ ಯಾರ ಕೈಯಲ್ಲಿರುತ್ತದೆ, ಅವರಿಗೆ ಓದಲು ಬರುತ್ತದೆಯೇ, ಕುಟುಂಬ ಗುಳೆ ಹೋಗುವುದು ಯಾವ ತಿಂಗಳು, ಆಗ ಮಗುವಿನ ಜವಾಬ್ದಾರಿ ಊರಿನಲ್ಲಿ ಯಾರದು, ಅವರ ಸಂಖ್ಯೆ ಯಾವುದು. ಜೂನ್‌ನಲ್ಲಿ ಒಮ್ಮೆ ಮತ್ತು ದಸರಾ ರಜೆ ಮುಗಿದ ಮೇಲೆ ಇನ್ನೊಮ್ಮೆ ಈ ಪುಸ್ತಕವನ್ನು ತಿದ್ದಬೇಕು. ಇದಕ್ಕೆ ಇನ್ನೊಂದು ಕಾರಣವೂ ಇದೆ. ತಿಂಗಳುಗಟ್ಟಲೆ ರೀಚಾರ್ಜ್ ಮಾಡಿಸದೆ ಬಿಟ್ಟ ಸಿಮ್ ರದ್ದಾಗಿ, ಅದೇ ಸಂಖ್ಯೆ ಮುಂದೆ ಬೇರೆಯವರ ಪಾಲಾಗುತ್ತದೆ. ಆಗ ನಮ್ಮ ಮಕ್ಕಳ ವಿಷಯವನ್ನೆಲ್ಲ ನಾವು ಅಪರಿಚಿತರಿಗೆ ಕಳುಹಿಸುತ್ತಿರುತ್ತೇವೆ.

ಎರಡನೆಯದು ಸಂದೇಶದ ಭಾಷೆ. ಸುತ್ತೋಲೆಯ ಚಿತ್ರವನ್ನೋ ಪಿಡಿಎಫ್ ಅನ್ನೋ ಹಾಗೆಯೇ ಮುಂದಕ್ಕೆ ಕಳುಹಿಸುವ ಅಭ್ಯಾಸ ಬಹುತೇಕ ಎಲ್ಲ ಶಾಲೆಗಳಲ್ಲಿದೆ. "ಮಾನ್ಯ ಉಪನಿರ್ದೇಶಕರ ಜ್ಞಾಪನದನ್ವಯ" ಎಂದು ಆರಂಭವಾಗುವ ಆ ಹಾಳೆ ನಮಗಾಗಿ ಬರೆದದ್ದೇ ಹೊರತು ಪೋಷಕರಿಗಾಗಿ ಬರೆದದ್ದಲ್ಲ. ಅದರ ಬದಲು ತಾವೇ ಹೀಗೆ ಬರೆಯಬಹುದು: "ಎಂಟನೇ ತರಗತಿ ಮಕ್ಕಳ ತಂದೆ ತಾಯಿಗೆ. ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಅದಕ್ಕೆ ಆದಾಯ ಪ್ರಮಾಣಪತ್ರ ಬೇಕು. ನಾಡಕಚೇರಿಯಲ್ಲಿ ಇದೇ ವಾರ ಅರ್ಜಿ ಹಾಕಿರಿ. ಊರಲ್ಲಿ ಇಲ್ಲದವರು 'ಹೊರಗಿದ್ದೇವೆ' ಎಂದು ಉತ್ತರಿಸಿರಿ, ನಾವೇ ಫೋನ್ ಮಾಡುತ್ತೇವೆ." ಯಾರಿಗೆ, ಏನು, ಎಲ್ಲಿ, ಎಷ್ಟರೊಳಗೆ ಎಂಬ ನಾಲ್ಕು ಸಂಗತಿಗಳು ಅದರಲ್ಲಿದ್ದರೆ ಸಾಕು. ಸುತ್ತೋಲೆ ಬೇಕಾದವರಿಗೆ ಅದನ್ನು ಕೆಳಗೆ ಲಗತ್ತಿಸಬಹುದು.

ಅದೇ ಮಾತನ್ನು ಧ್ವನಿ ಸಂದೇಶವಾಗಿಯೂ ಹೇಳಿರಿ. ಓದಲು ಬಾರದ ಅಜ್ಜಿಗೆ ಮೊಮ್ಮಗನ ಮಾಸ್ತರರ ದನಿಯಷ್ಟು ಸ್ಪಷ್ಟವಾದದ್ದು ಬೇರೊಂದಿಲ್ಲ. ಒಂದು ನಿಮಿಷ ದಾಟಬಾರದು, ಭಾಷೆ ಊರಿನ ಆಡುಮಾತೇ ಆಗಿರಲಿ. ತಾಂಡಾದ ಮಕ್ಕಳಿದ್ದರೆ ಲಂಬಾಣಿಯಲ್ಲಿ, ಉರ್ದು ಅಥವಾ ತೆಲುಗು ಮನೆಮಾತಿನವರಿದ್ದರೆ ಆ ಭಾಷೆಯಲ್ಲಿ ಹೇಳಲು ಎಸ್‌ಡಿಎಂಸಿಯ ಸದಸ್ಯರೊಬ್ಬರನ್ನು ಕೇಳಿಕೊಳ್ಳಿರಿ. ಕಳುಹಿಸುವ ಹೊತ್ತು ಸಂಜೆ ಏಳೂವರೆಯ ನಂತರ ಇರಲಿ, ಏಕೆಂದರೆ ಹೊಲದಲ್ಲೋ ಕಟ್ಟಡದ ಮೇಲೋ ಇರುವವರು ಹಗಲಿನ ಸಂದೇಶವನ್ನು ನೋಡುವಷ್ಟರಲ್ಲಿ ಅದರ ಮೇಲೆ ಇನ್ನಿಪ್ಪತ್ತು ಸಂದೇಶಗಳು ಬಂದು ಕುಳಿತಿರುತ್ತವೆ.

ಬಹಳ ಜನ ಶಿಕ್ಷಕರು ಬಳಸದ ಒಂದು ಸೌಲಭ್ಯವನ್ನು ಇಲ್ಲಿ ಹೇಳಲೇಬೇಕು. ಗುಂಪಿನಲ್ಲಿ ತಾವು ಕಳುಹಿಸಿದ ಸಂದೇಶವನ್ನು ಒತ್ತಿ ಹಿಡಿದು ಅದರ ಮಾಹಿತಿಯನ್ನು ತೆರೆದರೆ, ಅದು ಯಾರ ಫೋನಿಗೆ ತಲುಪಿದೆ, ಯಾರು ತೆರೆದು ನೋಡಿದ್ದಾರೆ ಎಂಬ ಪಟ್ಟಿ ಕಾಣುತ್ತದೆ. ಕೊನೆಯ ದಿನಾಂಕವಿರುವ ಪ್ರತಿಯೊಂದು ಸಂದೇಶಕ್ಕೂ ಮಾರನೆಯ ದಿನ ಈ ಪಟ್ಟಿಯನ್ನು ನೋಡಿ, ತೆರೆಯದವರಿಗೆ ಕರೆ ಮಾಡಿರಿ. ಕರೆಯೂ ಹೋಗದಿದ್ದರೆ ಮನೆಗೆ ಹೋಗಬೇಕು. ಇಷ್ಟೆಲ್ಲ ಕೆಲಸ ಮುಖ್ಯಗುರುಗಳೊಬ್ಬರಿಂದ ಆಗದು ಎಂಬುದು ನನಗೆ ಗೊತ್ತಿದೆ. ಶಿಕ್ಷಣ ಹಕ್ಕು ಕಾಯ್ದೆಯು ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ಹೇಳಿರುವುದು ಬರೀ ಸಹಿ ಹಾಕಿಸಿಕೊಳ್ಳುವುದಕ್ಕಲ್ಲ. ಒಬ್ಬೊಬ್ಬ ಸದಸ್ಯೆಗೆ ತಮ್ಮ ಓಣಿಯ ಹತ್ತು ಮನೆಗಳನ್ನು ವಹಿಸಿಕೊಟ್ಟು ನೋಡಿರಿ. ಡಂಗುರವನ್ನೂ ಗುಡಿಯ ಮೈಕನ್ನೂ ಕೈಬಿಡಬೇಡಿರಿ. ಫೋನೇ ಇಲ್ಲದ ಮನೆಗೆ ಇಂದಿಗೂ ಅವೇ ದಾರಿ.

ಇನ್ನು ಫೇಸ್‌ಬುಕ್ ಪುಟ. ಅಧ್ಯಕ್ಷರ ಉತ್ಸಾಹ ಒಳ್ಳೆಯದೇ, ಆದರೆ ಆ ಪುಟದ ಓದುಗರು ಬೇರೆ. ಊರು ಬಿಟ್ಟು ಹೋಗಿ ನೆಲೆ ನಿಂತ ಹಳೆಯ ವಿದ್ಯಾರ್ಥಿಗಳು, ಶಾಲೆಗೆ ಬೆಂಚನ್ನೋ ನೀರಿನ ಫಿಲ್ಟರನ್ನೋ ಕೊಡಿಸಬಲ್ಲವರು, ಅಕ್ಕಪಕ್ಕದ ಊರಿನವರು ಅದನ್ನು ನೋಡುತ್ತಾರೆ. ಪುಟದಲ್ಲಿ ಹಾಕಿದ್ದನ್ನೆಲ್ಲ ಫೇಸ್‌ಬುಕ್ ಎಲ್ಲ ಅನುಯಾಯಿಗಳಿಗೂ ತೋರಿಸುವುದಿಲ್ಲ, ಹೀಗಾಗಿ ಕೊನೆಯ ದಿನಾಂಕವಿರುವ ಸೂಚನೆಗೆ ಅದು ತಕ್ಕ ಜಾಗವಲ್ಲ. ಮೊದಲು ನೋಟ್‌ಪುಸ್ತಕ ಆಗಲಿ, ಪುಟ ಆಮೇಲೆ ತೆರೆಯಬಹುದು.

ಪ್ರಶ್ನೆ: ಮಗ ಓದುತ್ತಿರುವ ಖಾಸಗಿ ಶಾಲೆಯವರು ಶುಲ್ಕ ಬಾಕಿ ಇರುವ ಮಕ್ಕಳ ಹೆಸರು ಮತ್ತು ಮೊತ್ತವನ್ನು ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುತ್ತಾರೆ. ಈ ವರ್ಷ ಹತ್ತಿ ಕೈಕೊಟ್ಟಿದ್ದರಿಂದ ನಮ್ಮದೂ ಬಾಕಿ ಇತ್ತು. ಮರುದಿನ ತರಗತಿಯಲ್ಲಿ ಹುಡುಗರು ಮಾತನಾಡಿದ್ದನ್ನು ಕೇಳಿ ಮಗ ಊಟ ಬಿಟ್ಟು ಮಲಗಿದ. ಇದು ಸರಿಯೇ? (ಒಬ್ಬ ತಂದೆ, ರಾಯಚೂರು ತಾಲ್ಲೂಕು)

ಉತ್ತರ: ಸರಿಯಲ್ಲ. ಬಾಕಿ ಕೇಳುವ ಹಕ್ಕು ಶಾಲೆಗಿದೆ, ಆದರೆ ಕೇಳಬೇಕಾದದ್ದು ತಮ್ಮನ್ನು, ಅದೂ ತಮ್ಮೊಬ್ಬರನ್ನೇ. ಗುಂಪಿನಲ್ಲಿ ಹೆಸರು ಹಾಕಿದರೆ ಸಾಲದ ಭಾರ ದೊಡ್ಡವರ ಹೆಗಲಿನಿಂದ ಮಗುವಿನ ತಲೆಯ ಮೇಲೆ ಹೋಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯೊಂದಿಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಗ ಊಟ ಬಿಟ್ಟು ಮಲಗಿದ ಸಂಗತಿಯನ್ನೇ ದಿನಾಂಕ ಸಹಿತ ಬರೆದು ಮುಖ್ಯಸ್ಥರಿಗೆ ಪತ್ರ ಕೊಡಿರಿ, ಒಂದು ಪ್ರತಿಗೆ ಸ್ವೀಕೃತಿ ಪಡೆಯಿರಿ, ಆ ಸಂದೇಶದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿರಿ. ಶಾಲೆ ತಿದ್ದಿಕೊಳ್ಳದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ದೂರು ಕೊಡಬಹುದು. ಮಗನ ಹತ್ತಿರ ಕುಳಿತು, ಹಣದ ವಿಷಯ ನಿನ್ನದಲ್ಲ, ನನ್ನದು ಎಂದು ಒಂದು ಮಾತು ಹೇಳಿರಿ.

ಪ್ರಶ್ನೆ: ಶಾಲೆಯವರು ನನ್ನ ಮಗಳ ಭಾವಚಿತ್ರವನ್ನು ಹೆಸರು, ತರಗತಿ, ಅಂಕಗಳ ಸಹಿತ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ಪ್ರವೇಶ ಪ್ರಾರಂಭದ ಜಾಹೀರಾತಾಗಿ ಹಾಕಿದ್ದಾರೆ. ಅವಳಿಗೆ ಹನ್ನೊಂದು ವರ್ಷ. ತೆಗೆಯಿರಿ ಎಂದು ಕೇಳಿದರೆ, ಪ್ರವೇಶದ ಅರ್ಜಿಯಲ್ಲಿ ನೀವೇ ಸಹಿ ಮಾಡಿದ್ದೀರಿ ಎನ್ನುತ್ತಾರೆ. ಸಂಬಂಧಿಕರೆಲ್ಲ ಚಿತ್ರ ಚೆನ್ನಾಗಿದೆ, ಸುಮ್ಮನಿರು ಎನ್ನುತ್ತಾರೆ. ನಾನು ಅತಿ ಮಾಡುತ್ತಿದ್ದೇನೆಯೇ? (ಒಬ್ಬ ತಾಯಿ, ಬಳ್ಳಾರಿ)

ಉತ್ತರ: ಇಲ್ಲ ತಾಯಿ, ತಾವು ಅತಿ ಮಾಡುತ್ತಿಲ್ಲ. ಮಗಳು ಪಡೆದ ಅಂಕಗಳಿಂದ ಶಾಲೆಗೆ ಹೆಮ್ಮೆಯಾದದ್ದು ಸಹಜ, ಆದರೆ ಹೆಮ್ಮೆ ಪಡುವುದು ಬೇರೆ, ಅವಳ ಮುಖವನ್ನು ಮುಂದಿಟ್ಟು ಪ್ರವೇಶ ಮಾರುವುದು ಬೇರೆ. ಆ ಒಂದು ಚಿತ್ರದಲ್ಲಿ ಏನೇನಿದೆ ನೋಡಿರಿ: ಮುಖ, ಹೆಸರು, ತರಗತಿ, ಸಮವಸ್ತ್ರ, ಶಾಲೆಯ ವಿಳಾಸ. ಗುರುತಿಲ್ಲದ ವ್ಯಕ್ತಿಯೊಬ್ಬ ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತು ಅವಳನ್ನು ಹೆಸರು ಹಿಡಿದು ಕರೆಯಲು ಇಷ್ಟೇ ಸಾಕು. ಹೆಸರು ಹಿಡಿದು ಕರೆದವರನ್ನು ಮಕ್ಕಳು ಪರಿಚಿತರೆಂದೇ ನಂಬುತ್ತಾರೆ. ಅಂತರ್ಜಾಲಕ್ಕೆ ಹೋದ ಚಿತ್ರವನ್ನು ಯಾರು ಬೇಕಾದರೂ ಉಳಿಸಿಕೊಂಡು, ತಿದ್ದಿ, ಬೇರೆಡೆ ಬಳಸಬಹುದು ಎಂಬುದು ಇನ್ನೊಂದು ಭಯ.

ಕಾನೂನು ತಮ್ಮ ಕಡೆಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲರೂ ಮಕ್ಕಳು, ಅವರ ವೈಯಕ್ತಿಕ ಮಾಹಿತಿಯನ್ನು ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಆ ಒಪ್ಪಿಗೆ ಸ್ವಇಚ್ಛೆಯದ್ದಾಗಿರಬೇಕು, ಯಾವ ನಿರ್ದಿಷ್ಟ ಉದ್ದೇಶಕ್ಕೆ ಎಂಬುದು ಸ್ಪಷ್ಟವಾಗಿರಬೇಕು, ಮತ್ತು ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದೆ ಪಡೆಯಲು ಅವಕಾಶವಿರಬೇಕು ಎಂದು ಕಾಯ್ದೆ ಹೇಳುತ್ತದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಕರ್ತವ್ಯಗಳನ್ನು ಜಾರಿಗೆ ತರಲು ಸಂಸ್ಥೆಗಳಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ. ಕಾಲಾವಕಾಶವಿದೆ ಎಂಬುದನ್ನು ಶಾಲೆ ನೆಪ ಮಾಡಿಕೊಳ್ಳಬಾರದು. ಪ್ರವೇಶದ ದಿನ, ಹತ್ತು ಹಾಳೆಗಳ ನಡುವಿನ ಒಂದು ಸಾಲಿಗೆ ಅವಸರದಲ್ಲಿ ಮಾಡಿಸಿಕೊಂಡ ಸಹಿಯನ್ನು ತಾಯಿಯ ಒಪ್ಪಿಗೆ ಎಂದು ಕರೆಯುವುದು ನನ್ನ ದೃಷ್ಟಿಯಲ್ಲಿ ನ್ಯಾಯವಲ್ಲ.

ತಾವು ಮಾಡಬೇಕಾದದ್ದು ಇಷ್ಟು. ಜಗಳಕ್ಕೆ ಹೋಗದೆ, ಒಪ್ಪಿಗೆಯನ್ನು ಈ ದಿನಾಂಕದಿಂದ ಹಿಂದೆ ಪಡೆದಿದ್ದೇನೆ, ಎಲ್ಲ ಜಾಲತಾಣಗಳಿಂದಲೂ ಫ್ಲೆಕ್ಸ್‌ಗಳಿಂದಲೂ ಮಗಳ ಚಿತ್ರವನ್ನು ತೆಗೆಯಿರಿ ಎಂದು ಎರಡು ಸಾಲಿನ ಪತ್ರ ಕೊಡಿರಿ. ಅವರು ತೆಗೆಯದಿದ್ದರೆ, ಮಗುವಿನ ಖಾಸಗಿತನದ ಕಾರಣ ನೀಡಿ ಆ ಚಿತ್ರದ ಬಗ್ಗೆ ವರದಿ ಮಾಡುವ ಅವಕಾಶ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಎರಡರಲ್ಲಿಯೂ ಪೋಷಕರಿಗೆ ಇದೆ. ಚಿತ್ರ ದುರ್ಬಳಕೆಯಾದ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ತಕ್ಷಣ ಕರೆ ಮಾಡಿರಿ.

ಇದನ್ನು ಓದುತ್ತಿರುವ ಶಾಲೆಗಳವರಲ್ಲಿಯೂ ಒಂದು ವಿನಂತಿ. ಮಕ್ಕಳ ಮುಖವಿಲ್ಲದೆ ಶಾಲೆಯನ್ನು ತೋರಿಸಲಾಗದು ಎಂಬುದು ತಪ್ಪು ತಿಳಿವಳಿಕೆ. ಮಕ್ಕಳು ಬಿಡಿಸಿದ ಚಿತ್ರ, ಅವರು ಬೆಳೆಸಿದ ಕೈತೋಟ, ವಿಜ್ಞಾನದ ಮಾದರಿ, ಹಿಂದಿನಿಂದ ತೆಗೆದ ಪ್ರಾರ್ಥನೆಯ ಸಾಲು, ಇವೆಲ್ಲವೂ ಶಾಲೆಯ ಬಗ್ಗೆ ಹೇಳಬೇಕಾದದ್ದನ್ನು ಹೇಳುತ್ತವೆ. ಮುಖ ಕಾಣುವ ಚಿತ್ರ ಬೇಕೇ ಬೇಕಾದಾಗ ಹೆಸರು ಬೇಡ, ಹೆಸರು ಬೇಕಾದಾಗ ಮುಖ ಬೇಡ. ಬಿಸಿಯೂಟಕ್ಕೆ ಕುಳಿತ ಮಕ್ಕಳ, ದಾನಿಗಳಿಂದ ಬ್ಯಾಗು ಪಡೆಯುವ ಮಕ್ಕಳ ಮುಖಗಳನ್ನು ಹಾಕುವುದಂತೂ ನಿಲ್ಲಬೇಕು. ಕೈ ಚಾಚಿದ ತನ್ನ ಚಿತ್ರವನ್ನು ಆ ಮಗು ದೊಡ್ಡದಾದ ಮೇಲೆ ನೋಡಬೇಕಾಗುತ್ತದೆ. ಇನ್ನು ಮಗುವಿನ ಮೇಲೆ ದೌರ್ಜನ್ಯ ನಡೆದ ಪ್ರಕರಣಗಳಲ್ಲಿ ಶಾಲೆಯ ಗುಂಪುಗಳು ಅತ್ಯಂತ ಎಚ್ಚರದಿಂದಿರಬೇಕು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 23ನೇ ಕಲಂ ಮಗುವಿನ ಹೆಸರು, ವಿಳಾಸ, ಚಿತ್ರಗಳ ಜೊತೆಗೆ ಅದು ಓದುವ ಶಾಲೆಯನ್ನೂ ಬಹಿರಂಗಪಡಿಸಬಾರದು ಎನ್ನುತ್ತದೆ. ಸಹಾನುಭೂತಿಯಿಂದ ಕಳುಹಿಸಿದ ಸಂದೇಶವೂ ಆ ಮಗುವಿಗೆ ಎರಡನೆಯ ಪೆಟ್ಟಾಗುತ್ತದೆ.

ಪ್ರಶ್ನೆ: ನಾನು ಸಿಂಧನೂರಿನ ಪ್ರೌಢಶಾಲೆಯೊಂದರ ಶಿಕ್ಷಕಿ, ತರಗತಿಯ ಗುಂಪಿನ ಅಡ್ಮಿನ್. ಪೋಷಕರು ಗುಂಪಿನಲ್ಲಿ ರಾಜಕೀಯ, ಜಾತಿ, ಜಗಳದ ಸಂದೇಶಗಳನ್ನು ಹಾಕುತ್ತಾರೆ. ರಾತ್ರಿ ಹನ್ನೊಂದಕ್ಕೆ ಕರೆ ಮಾಡಿ ಮನೆಗೆಲಸ ಕೇಳುವವರೂ ಇದ್ದಾರೆ. ಬೇರೆಯವರು ಹಾಕಿದ ಸಂದೇಶಕ್ಕೆ ನಾನು ಜೈಲಿಗೆ ಹೋಗಬೇಕಾಗುತ್ತದೆಯೇ? (ಒಬ್ಬ ಶಿಕ್ಷಕಿ)

ಉತ್ತರ: ತಮ್ಮ ಭಯ ಅರ್ಥವಾಗುತ್ತದೆ. ಗುಂಪಿನ ಸದಸ್ಯರು ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಎಂಬ ಒಂದೇ ಕಾರಣದಿಂದ ಯಾರನ್ನೂ ಹೊಣೆ ಮಾಡಲಾಗದು ಎಂದು ಕೇರಳ ಹೈಕೋರ್ಟ್ 2022ರಲ್ಲಿ ತೀರ್ಪು ನೀಡಿದೆ. ಬಾಂಬೆ ಹೈಕೋರ್ಟಿನ ನಾಗಪುರ ಪೀಠವೂ ಅದಕ್ಕೂ ಮೊದಲು ಇದೇ ಅಭಿಪ್ರಾಯವನ್ನು ವ್ಯಕ್ತಪಡಿಸಿತ್ತು. ಆದರೂ ಶಾಲೆಯ ಹೆಸರಿನ ಗುಂಪಿನಲ್ಲಿ ಅಂತಹ ಸಂದೇಶ ಉಳಿಯಬಾರದು. ಈಗ ಅಡ್ಮಿನ್ ಆದವರು ಬೇರೆಯವರ ಸಂದೇಶವನ್ನೂ ಎಲ್ಲರ ಫೋನಿನಿಂದ ಅಳಿಸಬಹುದು, ತಡಮಾಡದೆ ಅಳಿಸಿರಿ.

ಇದಕ್ಕಿಂತ ಸುಲಭವಾದದ್ದು, ಅಡ್ಮಿನ್‌ಗಳು ಮಾತ್ರ ಸಂದೇಶ ಕಳುಹಿಸಬಹುದಾದ ವ್ಯವಸ್ಥೆ. 2018ರಿಂದಲೇ ವಾಟ್ಸ್‌ಆ್ಯಪ್‌ನಲ್ಲಿ ಅದು ಇದೆ. ಆದರೆ ಪೋಷಕರ ಬಾಯಿ ಮುಚ್ಚಿಸಿ ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ, ಅವರಿಗೂ ಹೇಳುವುದಿರುತ್ತದೆ. ಆದ್ದರಿಂದ ವಾರಕ್ಕೊಮ್ಮೆ, ಶನಿವಾರ ಸಂಜೆ ಒಂದು ಗಂಟೆ ಗುಂಪನ್ನು ಎಲ್ಲರಿಗೂ ತೆರೆದಿಡಿರಿ, ಉಳಿದ ದಿನ ಸೂಚನೆಗಳು ಮಾತ್ರ ಇರಲಿ. ಒಂದು ಮಗುವಿಗೆ ಸಂಬಂಧಿಸಿದ ದೂರನ್ನು ಗುಂಪಿನಲ್ಲಿ ಚರ್ಚಿಸದೆ ಆ ಪೋಷಕರನ್ನು ಶಾಲೆಗೇ ಬರಮಾಡಿಕೊಳ್ಳಿರಿ. ಸಾಧ್ಯವಾದರೆ ಶಾಲೆಯ ಹೆಸರಿನಲ್ಲಿ ಬೇರೆಯೇ ಒಂದು ಸಂಖ್ಯೆ ಪಡೆಯಿರಿ. ಗುಂಪಿನಲ್ಲಿ ಎಲ್ಲರ ಸಂಖ್ಯೆಯೂ ಎಲ್ಲರಿಗೂ ಕಾಣುವುದರಿಂದ ಶಿಕ್ಷಕಿಯರಿಗೂ ತಾಯಂದಿರಿಗೂ ಆಗುವ ಕಿರಿಕಿರಿಯನ್ನು ನಮ್ಮ ಶಾಲೆಗಳು ಇನ್ನೂ ಗಂಭೀರವಾಗಿ ಪರಿಗಣಿಸಿಲ್ಲ. ಬರೀ ಸೂಚನೆಗಳಿಗೆ ವಾಟ್ಸ್‌ಆ್ಯಪ್ ಚಾನೆಲ್ ಬಳಸಿದರೆ ಅನುಯಾಯಿಗಳ ಸಂಖ್ಯೆ ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ. ರಾತ್ರಿ ಎಂಟೂವರೆಯ ನಂತರ ಕರೆ ಸ್ವೀಕರಿಸುವುದಿಲ್ಲ ಎಂದು ಪೋಷಕರ ಸಭೆಯಲ್ಲಿ ನೇರವಾಗಿ ಹೇಳಿರಿ. ತಮಗೂ ಮನೆ ಮಕ್ಕಳು ಇದ್ದಾರೆ ಎಂಬುದನ್ನು ಜನ ಖಂಡಿತ ಒಪ್ಪುತ್ತಾರೆ.

ಪ್ರಶ್ನೆ: ಮಳೆಗಾಲದಲ್ಲಿ ನಾಳೆ ಶಾಲೆಗೆ ರಜೆ ಎಂಬ ಆದೇಶದ ಚಿತ್ರ ಫೋನಿನಲ್ಲಿ ಬರುತ್ತದೆ. ನಂಬುವುದು ಹೇಗೆ? (ಒಬ್ಬ ಅಜ್ಜ, ಸಿರುಗುಪ್ಪ)

ಉತ್ತರ: ಹಳೆಯ ಆದೇಶದ ದಿನಾಂಕ ತಿದ್ದಿ ಹರಿಬಿಡುವವರಿದ್ದಾರೆ. ಜಿಲ್ಲಾಡಳಿತದ ಅಧಿಕೃತ ಪುಟದಲ್ಲಿ ಅಥವಾ ಮೊಮ್ಮಕ್ಕಳ ಶಾಲೆಯ ಗುಂಪಿನಲ್ಲಿ ಮಾಸ್ತರರೇ ಹೇಳದ ಹೊರತು ನಂಬಬೇಡಿರಿ. ಶಾಲೆಯವರೂ ರಜೆ ಇದ್ದಾಗ ಮಾತ್ರವಲ್ಲ, ಗಾಳಿಸುದ್ದಿ ಹಬ್ಬಿದಾಗ "ನಾಳೆ ಶಾಲೆ ಇದೆ" ಎಂದೂ ತಿಳಿಸಬೇಕು.

ಪ್ರಶ್ನೆ: ನಾವು ಮಸ್ಕಿಯ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದೇವೆ. ಶಾಲೆಗೆ ಒಂದು ಇನ್‌ಸ್ಟಾಗ್ರಾಂ ಪುಟ ಮಾಡಬೇಕೆಂದು ಆಸೆ. ಗುರುಗಳು ಬೇಡ ಎನ್ನುತ್ತಾರೆ. ನಾವು ಏನು ಮಾಡಬಹುದು? (ನಾಲ್ವರು ವಿದ್ಯಾರ್ಥಿನಿಯರು)

ಉತ್ತರ: ಮಕ್ಕಳೇ, ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಗುರುಗಳು ಬೇಡ ಎಂದದ್ದು ನಿಮ್ಮ ಮೇಲಿನ ಕಾಳಜಿಯಿಂದ ಎಂದು ತಿಳಿಯಿರಿ. ಇನ್‌ಸ್ಟಾಗ್ರಾಂನಲ್ಲಿ 13 ವರ್ಷ ತುಂಬದವರು ಖಾತೆ ತೆರೆಯುವಂತಿಲ್ಲ. ತುಂಬಿದವರೂ ಶಾಲೆಯ ಹೆಸರಿನಲ್ಲಿ ತಾವಾಗಿಯೇ ತೆರೆಯಬಾರದು. ಖಾತೆ ಶಾಲೆಯದಾಗಿರಲಿ, ಪಾಸ್‌ವರ್ಡ್ ಇಬ್ಬರು ಶಿಕ್ಷಕರ ಬಳಿ ಇರಲಿ, ವಿಷಯ ಸಿದ್ಧಪಡಿಸುವ ಕೆಲಸ ನಿಮ್ಮದಾಗಲಿ. ಹೀಗೆ ಬರೆದು ಗುರುಗಳಿಗೆ ಕೊಟ್ಟರೆ ಅವರು ಯೋಚಿಸುವ ಸಾಧ್ಯತೆ ಇದೆ.

ಅದಕ್ಕೂ ಮೊದಲು ಎರಡು ತಿಂಗಳು ಅದೇ ಪುಟವನ್ನು ಗೋಡೆಯ ಮೇಲೆ ನಡೆಸಿ ತೋರಿಸಿರಿ. ವಿಷಯಕ್ಕೆ ನಿಮ್ಮ ಊರಿನಲ್ಲಿ ಬರವಿಲ್ಲ. 1915ರಲ್ಲಿ ನಿಮ್ಮ ಊರಿನ ಬಂಡೆಯ ಮೇಲೆ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರೇ ಇದೆ. ಬೇರೆ ಕಡೆಯ ಶಾಸನಗಳಲ್ಲಿ ಬರುವ "ದೇವಾನಾಂಪ್ರಿಯ" ಎಂಬ ರಾಜ ಅಶೋಕನೇ ಎಂಬುದು ಆ ಬಂಡೆಯಿಂದ ಗಟ್ಟಿಯಾಯಿತು. ಆ ಬಂಡೆಯ ಚಿತ್ರ ತೆಗೆದು, ಅದರ ಬಗ್ಗೆ ಎಂಟು ಸಾಲು ಬರೆಯಿರಿ. ಹತ್ತಿ ಬಿಡಿಸುವ ಅಮ್ಮಂದಿರ ಕೆಲಸದ ದಿನವನ್ನು ಗಂಟೆಗಂಟೆಗೆ ಬರೆಯಿರಿ, ಅವರನ್ನು ಕೇಳಿಯೇ ಬರೆಯಿರಿ. ಚಿತ್ರದಲ್ಲಿ ಯಾರದಾದರೂ ಮುಖವಿದ್ದರೆ ಅವರ ಒಪ್ಪಿಗೆ ಪಡೆಯಿರಿ, ಪ್ರವಾಸಕ್ಕೆ ಹೋದಾಗ ಅಲ್ಲಿಂದಲೇ ಚಿತ್ರ ಹಾಕದೆ ಮರಳಿ ಬಂದ ಮೇಲೆ ಹಾಕಿರಿ. ಗೋಡೆಪತ್ರಿಕೆಯ ಮೊದಲ ಸಂಚಿಕೆ ಸಿದ್ಧವಾದಾಗ ಅದರ ಒಂದು ಪ್ರತಿಯನ್ನು ನನಗೂ ಅಂಚೆಯಲ್ಲಿ ಕಳುಹಿಸಿರಿ.